ಹಳೆಯ ಮೋಟಾರಿನಲ್ಲಿ ಆಗುಂಬೆಯ ಘಟ್ಟ

ದೂರದ ಊರಿಗೆ ಬೇಗ ತಲಪುವುದೇ ಪ್ರಯಾಣವೆಂದು ಈಗ ಎಲ್ಲರೂ ಭಾವಿಸಿದ್ದಾರೆ. ಮೈಸೂರಿನಿಂದ ಉಡುಪಿಗೆ ಹೋಗಬೇಕಾದವರು ರಾತ್ರಿಯ ಊಟ ಮುಗಿಸಿ ಬಸ್ಸು ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಶ್ರೀಕೃಷ್ಣನ ಊರಿನಲ್ಲಿ ಕಣ್ಣು ಬಿಡುತ್ತಾರೆ. ನಡುವಿನ ಹೊಳೆಗಳೂ ಕಾಡುಗಳೂ ಘಟ್ಟಗಳೂ ಅವರ ನಿದ್ದೆಯ ಕೆಳಗೆ ಹಾದುಹೋಗಿರುತ್ತವೆ. ನಾವೂ ಹಾಗೆ ಹಲವು ಸಲ ಹೋಗಿ ಬಂದವರೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ೨೦೧೭ನೆಯ ಇಸವಿಯ ಡಿಸೆಂಬರ್ ತಿಂಗಳ ಕೊನೆಯಲ್ಲಿ, ಹಾಸನ, ಬೇಲೂರು, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆಗಳ ಮಾರ್ಗವಾಗಿ ಸುಮಾರು ೩೫೦ ಕಿಲೋಮೀಟರು ದಾರಿಯನ್ನು ಮೂರು ಹಗಲುಗಳಲ್ಲಿ ಕ್ರಮಿಸುವ ಯೋಗ ನಮಗೆ ಒದಗಿತು. ಅಷ್ಟು ನಿಧಾನಕ್ಕೆ ಕಾರಣ ನಮ್ಮ ವಾಹನ. ಅದು ೧೯೩೦ರಲ್ಲಿ ತಯಾರಾದ ಫೋರ್ಡ್ ಮೋಟಾರು. ಆ ಪ್ರಯಾಣದಲ್ಲಿ ಕಂಡುದನ್ನೂ, ಕಾಣಬೇಕೆಂದು ಹೊರಡದಿದ್ದರೂ ಕಂಡುಬಂದುದನ್ನೂ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಗಾಡಿ ನಮ್ಮದಲ್ಲ, ನೆರೆಮನೆಯ ರಾಯರದು. ಬ್ಯಾಂಕಿನ ಉದ್ಯೋಗದಿಂದ ನಿವೃತ್ತರಾದ ಅವರಿಗೆ ಆ ವರ್ಷ ೭೪ ವಯಸ್ಸು. ಅವರ ತೀರ್ಥರೂಪರು ಮೈಸೂರಿನಲ್ಲಿ ವಕೀಲರಾಗಿದ್ದವರು. ೧೯೩೬ರಲ್ಲಿ ಕಾಫಿತೋಟದ ಯಜಮಾನರೊಬ್ಬರಿಂದ ಇದನ್ನು ಕೊಂಡರಂತೆ. ಅಂದಿನಿಂದ ಅದು ಆ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿದೆ. ಮನೆಯಲ್ಲಿ ಎಷ್ಟೋ ಸಾಮಾನುಗಳು ಹಳೆಯವಾಗಿ ಹೊರಗೆ ಹೋದವು, ಇದು ಮಾತ್ರ ಉಳಿಯಿತು. ರಾಯರು ಪ್ರತಿ ಭಾನುವಾರ ಸ್ನಾನ ಸಂಧ್ಯಾವಂದನೆಗಳಾದ ಮೇಲೆ ಅದರ ಮುಚ್ಚಳ ತೆರೆದು ಅರ್ಧ ಗಂಟೆ ಅದರೊಡನೆ ಇರುತ್ತಿದ್ದರು. ಅದನ್ನು ಅವರ ಮನೆಯವರು ‘ಎರಡನೆಯ ಪೂಜೆ’ ಎಂದು ಹಾಸ್ಯ ಮಾಡುತ್ತಿದ್ದರು.

ಈ ಜಾತಿಯ ಗಾಡಿಗೆ ಫೋರ್ಡ್ ಕಂಪೆನಿಯವರು ‘ಮಾಡೆಲ್ ಎ’ ಎಂದು ಹೆಸರಿಟ್ಟಿದ್ದರು. ಜಗತ್ತಿನ ಸಾಮಾನ್ಯ ಜನಕ್ಕೆ ಮೋಟಾರನ್ನು ಒದಗಿಸಿಕೊಟ್ಟ ‘ಮಾಡೆಲ್ ಟಿ’ ೧೯೨೭ರಲ್ಲಿ ನಿಂತು, ಅದೇ ವರ್ಷದ ಡಿಸೆಂಬರಿನಲ್ಲಿ ಇದು ಪ್ರಕಟವಾಯಿತು. ನಾಲ್ಕೈದು ವರ್ಷಗಳೊಳಗೆ ಸುಮಾರು ೪೮ ಲಕ್ಷ ಗಾಡಿಗಳು ಹೊರಬಿದ್ದವು. ನಾಲ್ಕು ಸಿಲಿಂಡರಿನ ಇಂಜಿನು, ೪೦ ಕುದುರೆಗಳ ಶಕ್ತಿ, ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಪೆಟ್ರೋಲಿನ ತೊಟ್ಟಿ ಕುಳಿತವರ ಮೊಣಕಾಲುಗಳ ಮುಂದೆ, ಗಾಜಿನ ಕೆಳಗೇ ಇದೆ. ಅಲ್ಲಿಂದ ಪೆಟ್ರೋಲು ಯಾವ ಪಂಪೂ ಇಲ್ಲದೆ ತನ್ನ ಭಾರದಿಂದ ತಾನೇ ಇಳಿದು ಇಂಜಿನಿಗೆ ಹೋಗುತ್ತದೆ. ಬ್ರೇಕುಗಳಿಗೆ ಎಣ್ಣೆಯ ಒತ್ತಡದ ಸಹಾಯವಿಲ್ಲ. ಕಾಲಿನಿಂದ ಒತ್ತಿದ ಬಲವು ಕಬ್ಬಿಣದ ಸರಳುಗಳ ಮೂಲಕ ನಾಲ್ಕು ಚಕ್ರಗಳಿಗೂ ಹೋಗಬೇಕು. ಕಾಲಿನಲ್ಲಿ ಎಷ್ಟು ಶಕ್ತಿಯೋ ಅಷ್ಟೇ ಬ್ರೇಕು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಪ್ರಯಾಣದ ಕಾರಣವನ್ನು ಹೇಳುತ್ತೇವೆ. ರಾಯರ ಅಕ್ಕನವರು ಉಡುಪಿಯಲ್ಲಿದ್ದರು. ೧೯೫೧ರಲ್ಲಿ ಹದಿನೇಳರ ಪ್ರಾಯದಲ್ಲಿ ಮದುವೆಯಾಗಿ ಅತ್ತೆಯ ಮನೆಗೆ ಹೋದದ್ದು ಇದೇ ಗಾಡಿಯಲ್ಲಿ. ಆಗ ಮೈಸೂರು ಒಂದು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿದ್ದು. ಆಗುಂಬೆಯ ಘಟ್ಟವಿಳಿದರೆ ಹೆಣ್ಣು ಬೇರೆ ರಾಜ್ಯಕ್ಕೇ ಹೋದಂತೆ. ೧೯೫೬ರಲ್ಲಿ ಎರಡೂ ಒಂದೇ ರಾಜ್ಯವಾದರೂ ಘಟ್ಟ ಘಟ್ಟವೇ. ಈಗ ಅಕ್ಕನವರಿಗೆ ೮೩. ಮನೆಯ ಜಗಲಿ ಬಿಟ್ಟು ಇಳಿಯುವಂತಿರಲಿಲ್ಲ. ಒಂದು ದಿನ ದೂರವಾಣಿಯಲ್ಲಿ, “ಅಪ್ಪನ ಗಾಡಿ ಇನ್ನೂ ಓಡುತ್ತದೇನೋ? ಒಂದು ಸಲ ನೋಡಬೇಕೆಂದು ಆಸೆ” ಎಂದರಂತೆ. ಅದೇ ಕಾಲಕ್ಕೆ ರಾಯರ ಮಕ್ಕಳು ಹಳೆಯ ಮನೆಯನ್ನು ಕೆಡವಿ ಕಟ್ಟುವ ಏರ್ಪಾಡಿನಲ್ಲಿದ್ದರು. ಹೊಸ ಮನೆಯ ನಕ್ಷೆಯಲ್ಲಿ ಕೊಟ್ಟಿಗೆಗೆ ಸ್ಥಳವಿರಲಿಲ್ಲ. ಗಾಡಿಯನ್ನು ಕೊಳ್ಳುವವರೂ ಬಂದು ನೋಡಿ ಹೋಗಿದ್ದರು. “ಮಾರುವುದಾದರೆ ಅಕ್ಕನಿಗೆ ತೋರಿಸಿಯೇ ಮಾರಬೇಕು” ಎಂದು ರಾಯರು ಹಟ ಹಿಡಿದರು. ಲಾರಿಯ ಮೇಲೆ ಏರಿಸಿಕೊಂಡು ಹೋಗೋಣವೆಂದು ಮೊಮ್ಮಗ ಸೂಚಿಸಿದಾಗ, “ಅಕ್ಕ ನೋಡಬೇಕೆಂದದ್ದು ಓಡುವ ಗಾಡಿಯನ್ನು” ಎಂದು ಅವನ ಬಾಯಿ ಮುಚ್ಚಿಸಿದರು.

ಹೊರಟವರು ಮೂವರು: ರಾಯರು, ಅವರ ಮೊಮ್ಮಗ, ನಾವು. ಮೊಮ್ಮಗ ಇಪ್ಪತ್ತನಾಲ್ಕರ ತರುಣ, ಬೆಂಗಳೂರಿನಲ್ಲಿ ಇಂಜಿನಿಯರು, ಚಿಕ್ಕಂದಿನಲ್ಲಿ ನಮ್ಮಲ್ಲಿಯೇ ಸಂಸ್ಕೃತ ಓದಿದವನು. ಒಂದು ತಿಂಗಳಿನಿಂದ ವಾರಕ್ಕೊಮ್ಮೆ ಬಂದು ಈ ಗಾಡಿಯ ಚಾಲನೆಯನ್ನೂ ಅಭ್ಯಾಸ ಮಾಡಿದ್ದ. ನಾವು ಆಗ ಇನ್ನೂ ಪಾಠಶಾಲೆಯ ಕೆಲಸದಲ್ಲಿದ್ದೆವು. ನಾಲ್ಕು ದಿನ ರಜೆ ಪಡೆದೆವು. ಯಂತ್ರವಿದ್ಯೆಯಲ್ಲಿ ನಾವು ಶೂನ್ಯರಾದುದರಿಂದ ನಮಗೆ ಒಪ್ಪಿಸಿದ ಅಧಿಕಾರ ಎರಡೇ: ಗಾಡಿ ಇಳಿಜಾರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡುವುದು, ನೀರಿನ ಕೊಡ ತುಂಬಿಡುವುದು. ಎರಡನ್ನೂ ಶ್ರದ್ಧೆಯಿಂದ ನಡೆಸಿದೆವೆಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಬೆಳಗಿನ ಐದೂವರೆ ಗಂಟೆಗೆ ಚಳಿಯಲ್ಲಿ ಗಾಡಿಯನ್ನು ಎಬ್ಬಿಸುವುದೇ ಒಂದು ವಿಧಿ. ಕಾಲಿನಿಂದ ಗುಂಡಿ ಒತ್ತಿ ಹೊರಡಿಸುವ ಯಂತ್ರ ಇದಕ್ಕೆ ಉಂಟು. ಆದರೆ ಚಳಿಯಲ್ಲಿ ಬ್ಯಾಟರಿ ಸೋಲುತ್ತದೆಂದು ರಾಯರು ಹ್ಯಾಂಡಲು ಹಾಕಿ ತಿರುಗಿಸುವ ಹಳೆಯ ಕ್ರಮವನ್ನೇ ಹಿಡಿದರು. ಚಾಲನೆಯ ಚಕ್ರದ ಕೆಳಗೆ ಎರಡು ಸಣ್ಣ ಹಿಡಿಗಳಿವೆ. ಬಲಗಡೆಯದು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವುದು. ಎಡಗಡೆಯದು ಕಿಡಿ ಹಾರುವ ಕಾಲವನ್ನು ಹಿಂದು ಮುಂದು ಮಾಡುವುದು. ಹೊರಡಿಸುವ ಮುನ್ನ ಕಿಡಿಯನ್ನು ತಡಮಾಡಿ ಇಡಬೇಕು. ಮರೆತರೆ ಇಂಜಿನು ಹಿಂದಕ್ಕೆ ಒದ್ದು ಹ್ಯಾಂಡಲು ಹಿಡಿದವನ ಮಣಿಕಟ್ಟನ್ನು ಮುರಿಯಬಲ್ಲದು. ಹಿಡಿಯುವಾಗಲೂ ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು. ಮೂರನೆಯ ಸುತ್ತಿಗೆ ಗಾಡಿ ಕೆಮ್ಮಿ, ನಡುಗಿ, ಎದ್ದಿತು. ರಾಯರ ಮನೆಯವರು ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಬುತ್ತಿಯ ಡಬ್ಬಿಗಳನ್ನು ನಮ್ಮ ಮಡಿಲಿಗೆ ಕೊಟ್ಟು, “ಮೇಷ್ಟ್ರೇ, ಇವರ ಮಂಡಿ ನೋವಿನ ಎಣ್ಣೆ ಚೀಲದಲ್ಲಿದೆ, ರಾತ್ರಿ ನೀವೇ ನೆನಪು ಮಾಡಬೇಕು” ಎಂದರು. ರಾಯರು ಕೇಳಿಸದವರಂತೆ ಹಾರನ್ನು ಒತ್ತಿದರು. ಅದರ ಕೂಗಿಗೆ ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು.

ಎಡತೊರೆಯೆಂಬ ಹಳೆಯ ಹೆಸರಿನ ಕೃಷ್ಣರಾಜನಗರದ ಬಳಿ ಕಾವೇರಿಯನ್ನು ದಾಟುವ ಹೊತ್ತಿಗೆ ಬಿಸಿಲೇರಿತ್ತು. ಗಂಟೆಗೆ ೨೫ ಮೈಲಿ, ಎಂದರೆ ಸುಮಾರು ೪೦ ಕಿಲೋಮೀಟರು, ನಮ್ಮ ವೇಗ. ಗಾಡಿಗೆ ಇನ್ನೂ ಹೆಚ್ಚು ಓಡುವ ಶಕ್ತಿಯಿದೆ, ಓಡಿಸುವವರಿಗೆ ಮನಸ್ಸಿಲ್ಲ. ಆ ವೇಗದಲ್ಲಿ ಕಾಣುವ ನಾಡೇ ಬೇರೆ. ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಮೆದೆ ಒಟ್ಟುತ್ತಿದ್ದರು. ರಾಗಿಯ ತೆನೆಗಳನ್ನು ದಾರಿಗೆ ಅಡ್ಡಲಾಗಿ ಹರಡಿ, ಹೋಗಿ ಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೈತರು ನಮ್ಮ ಗಾಡಿಯನ್ನು ನೋಡಿ, ಇದರ ಭಾರಕ್ಕೆ ಕಾಳು ಉದುರೀತೇ ಎಂದು ನಗುತ್ತಿದ್ದರು. ಹಿಂದಿನಿಂದ ಬಂದ ಹೊಸ ಕಾರುಗಳು ಸರ್ರನೆ ದಾಟಿ, ಮುಂದೆ ನಿಂತು, ಒಳಗಿದ್ದವರು ಇಳಿದು ಚಿತ್ರ ತೆಗೆದುಕೊಂಡು ಮತ್ತೆ ದಾಟಿಹೋಗುತ್ತಿದ್ದವು.

ಹೊಳೆನರಸೀಪುರದಲ್ಲಿ ಹೇಮಾವತಿಯ ದಡದಲ್ಲಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ ನಮಗೆ. ಹೊಳೆಯ ನೀರು ಗಾಡಿಗೆ. ಕಾಲಿದಾಸನ ಯಕ್ಷನು ಮೇಘಕ್ಕೆ ದಾರಿ ಹೇಳಿಕೊಡುವಾಗ ಅದು ಎಲ್ಲಿ ತಂಗಬೇಕು, ಯಾವ ನದಿಯಲ್ಲಿ ನೀರು ಕುಡಿಯಬೇಕು ಎಂಬುದನ್ನೂ ಮರೆಯದೆ ಹೇಳುತ್ತಾನೆ. ಮಕ್ಕಳಿಗೆ ಮೂವತ್ತು ವರ್ಷ ಅದನ್ನು ಪಾಠ ಹೇಳಿದ್ದರೂ ಅದರ ಲೋಕಾನುಭವ ನಮಗೆ ಆದದ್ದು ಅಂದು, ಕೈಯಲ್ಲಿ ಕೊಡ ಹಿಡಿದು ಹೊಳೆಗೆ ಇಳಿದಾಗ. ಕಾವೇರಿ, ಹೇಮಾವತಿ, ಯಗಚಿ, ಭದ್ರಾ, ತುಂಗಾ ಈ ಐದು ನದಿಗಳ ನೀರನ್ನೂ ಆ ಗಾಡಿ ಕುಡಿಯಿತು. ಮೊದಲಿನ ಮೂರು ಕಾವೇರಿಯ ಕುಲದವು; ಮುಂದಿನ ಎರಡು ಕೂಡಿ ತುಂಗಭದ್ರೆಯಾಗಿ ಕೃಷ್ಣೆಯನ್ನು ಸೇರುವಂಥವು. ನಕ್ಷೆಯಲ್ಲಿ ಕಲಿತ ಪಾಠ ಕೊಡದ ಭಾರದಿಂದ ಮನಸ್ಸಿಗೆ ಹತ್ತಿತು.

ಅಂದು ಬೇಲೂರಿನಲ್ಲಿ ವಸತಿ. ಸಂಜೆ ಚೆನ್ನಕೇಶವನ ದರ್ಶನ ಮಾಡಿದೆವು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರು. ನಾವು ಹೋದ ವರ್ಷಕ್ಕೆ ಸರಿಯಾಗಿ ೯೦೦ ವರ್ಷ. ಗಣಿಯಿಂದ ತೆಗೆದಾಗ ಬಳಪದಂತೆ ಮೃದುವಾಗಿದ್ದು ಗಾಳಿ ತಗುಲಿದಂತೆ ಗಟ್ಟಿಯಾಗುವ ಕಲ್ಲಿನಲ್ಲಿ ಕಡೆದ ಆ ಮದನಿಕೆಯರನ್ನು ನೋಡುತ್ತ ರಾಯರು, “ನಮ್ಮ ಗಾಡಿಗೆ ಎಂಬತ್ತೇಳು ವರ್ಷವೆಂದು ಮೆರೆಯುತ್ತೇವೆ. ಇಲ್ಲಿ ಅದು ತೊಟ್ಟಿಲಿನ ಕೂಸು” ಎಂದರು. ರಾತ್ರಿ ನಾವು ಎಣ್ಣೆಯ ನೆನಪು ಮಾಡಿದೆವು. ಬಲಮಂಡಿ ಊದಿಕೊಂಡಿತ್ತು. ಮೊಮ್ಮಗ ಎಣ್ಣೆ ತಿಕ್ಕುತ್ತ, “ತಾತ, ನಾಳೆ ಸ್ವಲ್ಪ ದೂರ ನಾನು ಓಡಿಸಲೇ?” ಎಂದ. “ದಾರಿ ಸಮವಾಗಿರುವ ಕಡೆ ನೋಡೋಣ” ಎಂದಷ್ಟೇ ಉತ್ತರ ಬಂತು.

ಮರುದಿನ ಚಿಕ್ಕಮಗಳೂರು ಇನ್ನೇನು ಬಂತೆನ್ನುವಾಗ ಇಂಜಿನು ತಡವರಿಸಿ ನಿಂತಿತು. ಹ್ಯಾಂಡಲು ತಿರುಗಿಸಿ ತಿರುಗಿಸಿ ಹುಡುಗನ ಅಂಗಿ ಒದ್ದೆಯಾಯಿತು. ಕಡೆಗೆ ಒಂದು ಟ್ರಾಕ್ಟರಿನವರು ಹಗ್ಗ ಕಟ್ಟಿ ಎಳೆದು ಪೇಟೆಯ ಅಂಚಿನ ಒಂದು ಸಣ್ಣ ದುರಸ್ತಿ ಅಂಗಡಿಯ ಮುಂದೆ ಬಿಟ್ಟರು. ಒಳಗಿನಿಂದ ಬಂದವರು ನೆರೆತ ಗಡ್ಡದ ಒಬ್ಬ ವೃದ್ಧ ಸಾಹೇಬರು. ಗಾಡಿಯ ಸುತ್ತ ಒಂದು ಸಲ ಬಂದು, “ಇದು ನಮ್ಮ ಉಸ್ತಾದರ ಕಾಲದ್ದು” ಎಂದು ಚಪ್ಪಲಿ ಬಿಟ್ಟು ಮುಚ್ಚಳ ತೆರೆದರು.

ದೋಷ ಸಿಕ್ಕಿದ್ದು ಕಂಡೆನ್ಸರಿನಲ್ಲಿ. ಇಂಜಿನಿನಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಎರಡು ಸಣ್ಣ ಮೊನೆಗಳು ಕ್ಷಣಕ್ಷಣಕ್ಕೂ ಕೂಡಿ ಬೇರೆಯಾಗುತ್ತಿರುತ್ತವೆ. ಬೇರೆಯಾದಾಗ ಅಲ್ಲಿಯೇ ಕಿಡಿ ಸಿಡಿದು ಮೊನೆಗಳು ಸುಟ್ಟುಹೋಗದಂತೆ ತಡೆಯುವ ಬೆರಳಿನಷ್ಟು ದೊಡ್ಡ ತಗಡಿನ ಕರಡಿಗೆಗೆ ಕಂಡೆನ್ಸರು ಎನ್ನುತ್ತಾರೆ. ಈ ಗಾಡಿಯಲ್ಲಿ ಅದು ಇಂಜಿನಿನ ಶಾಖಕ್ಕೆ ಸಿಕ್ಕಿ ಬೇಗ ಕೆಡುತ್ತದಂತೆ. ಇದಕ್ಕೆ ತಕ್ಕ ಭಾಗ ಊರಿನಲ್ಲೆಲ್ಲೂ ಸಿಗುವಂತಿರಲಿಲ್ಲ. ಸಾಹೇಬರು ತುಕ್ಕು ಹಿಡಿದ ಡಬ್ಬಿಯೊಂದನ್ನು ಸುರಿದು, ಹುಡುಕಿ, ಹಳೆಯ ಅಂಬಾಸಡರ್ ಕಾರಿನದೊಂದನ್ನು ಆರಿಸಿ, ಅದನ್ನು ಶಾಖ ತಗುಲದಂತೆ ಹೊರಗಡೆಗೆ ಕಟ್ಟಿ ತಂತಿ ಕೂಡಿಸಿದರು. ಒಂದೇ ಸುತ್ತಿಗೆ ಇಂಜಿನು ಎದ್ದಿತು. ಅಂಬಾಸಡರ್ ಕಾರುಗಳ ತಯಾರಿಕೆಯೇ ೨೦೧೪ರಲ್ಲಿ ನಿಂತುಹೋಗಿತ್ತು. ಸತ್ತ ಗಾಡಿಯೊಂದು ತನಗಿಂತ ಹಿರಿಯ ಗಾಡಿಗೆ ಪ್ರಾಣದಾನ ಮಾಡಿತು. ಸಾಹೇಬರು ಕೆಲಸಕ್ಕೆ ನೂರು ರೂಪಾಯಿ ತೆಗೆದುಕೊಂಡರು. ಭಾಗಕ್ಕೆ ಏನೂ ಬೇಡವೆಂದರು. ಹೊರಡುವಾಗ ರಾಯರನ್ನು ಪಕ್ಕಕ್ಕೆ ಕರೆದು, “ಮುಂದೆ ಇಳಿಜಾರು ಬಹಳ. ಹತ್ತುವುದಕ್ಕೆ ಯಾವ ಗೇರೋ ಇಳಿಯುವುದಕ್ಕೂ ಅದೇ ಗೇರು; ಇಳಿಜಾರು ಶುರುವಾಗುವ ಮೊದಲೇ ಹಾಕಿಬಿಡಬೇಕು ಸ್ವಾಮೀ” ಎಂದರು. ರಾಯರು ಸ್ವಲ್ಪ ಬಿಗುವಾಗಿ, “ಗೊತ್ತಿದೆ ಸಾಹೇಬರೇ” ಎಂದರು.

ಆ ಮಾತಿನ ಅರ್ಥವನ್ನು ಇಲ್ಲಿ ಬಿಡಿಸಬೇಕು. ಕೆಳಗಿನ ಗೇರಿನಲ್ಲಿದ್ದಾಗ ಪೆಟ್ರೋಲು ಕಡಿಮೆ ಮಾಡಿದರೆ ಇಂಜಿನೇ ಚಕ್ರಗಳನ್ನು ಹಿಡಿದು ನಿಧಾನಗೊಳಿಸುತ್ತದೆ. ಬ್ರೇಕನ್ನೇ ನಂಬಿದರೆ ಅದು ಉಜ್ಜಿ ಕಾದು ಹಿಡಿತ ತಪ್ಪುತ್ತದೆ. ಹೊಸ ಕಾರುಗಳಲ್ಲಿ ಗೇರನ್ನು ಯಾವಾಗ ಬೇಕಾದರೂ ಸುಲಭವಾಗಿ ಬದಲಾಯಿಸಬಹುದು. ಈ ಗಾಡಿಯಲ್ಲಿ ಹಾಗಲ್ಲ. ಹಲ್ಲಿಗೆ ಹಲ್ಲು ಕೂಡಬೇಕಾದರೆ ಎರಡರ ವೇಗವೂ ಸಮನಾಗಿರಬೇಕು. ಅದಕ್ಕಾಗಿ ಕ್ಲಚ್ಚನ್ನು ಎರಡು ಸಲ ಒತ್ತಿ ನಡುವೆ ಇಂಜಿನಿನ ವೇಗವನ್ನು ಏರಿಸಬೇಕು. ಇಳಿಜಾರಿನಲ್ಲಿ ಓಡುತ್ತಿರುವಾಗ ಆ ಕ್ರಿಯೆ ತಪ್ಪಿದರೆ ಮೇಲಿನ ಗೇರೂ ಇಲ್ಲ, ಕೆಳಗಿನದೂ ಇಲ್ಲ. ಗಾಡಿ ಬಿಟ್ಟ ಕಲ್ಲಿನಂತೆ ಉರುಳುತ್ತದೆ.

ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆಗೆ ದಾರಿ ಕಾಫಿತೋಟಗಳ ನಡುವೆ ಇಳಿಯುತ್ತದೆ. ಕೊಯ್ಲಿನ ಕಾಲ, ಗಿಡಗಳಲ್ಲಿ ಕೆಂಪು ಹಣ್ಣು, ಕಣಗಳಲ್ಲಿ ಹರವಿದ ಬೀಜ, ಗಾಳಿಯಲ್ಲಿ ಹುಳಿಸಿಹಿಯಾದ ವಾಸನೆ. ಮೇಲೆ ನೆರಳಿಗೆ ಬಿಟ್ಟ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ನಾವು ಹಿಂದಿನ ಪೀಠದಲ್ಲಿ ಕುಳಿತು ಇವನ್ನೆಲ್ಲ ಸವಿಯುತ್ತಿರುವಾಗ ಗಾಡಿಯ ವೇಗ ಹೆಚ್ಚಿದಂತೆ ತೋರಿತು. ಒಂದು ತಿರುವಿನ ಮುಂದೆ ರಾಯರು ಮೂರನೆಯ ಗೇರಿನಿಂದ ಎರಡಕ್ಕೆ ಬರಲು ಹೋದರು. ಹಲ್ಲುಗಳು ಕಿರ್ರೆಂದು ಅರಚಿದವು. ಹಿಡಿ ಕೈಯಿಂದ ಜಾರಿ ನಡುವೆ ನಿಂತಿತು. ಮತ್ತೆ ಒತ್ತಿದರು, ಮತ್ತೆ ಅರಚಿತು. ರಾಯರು ಬ್ರೇಕಿನ ಮೇಲೆ ಕಾಲೂರಿದರು. ಮಂಡಿ ಮಡಿಸಲಾರದೆ ಅವರು “ಅಮ್ಮಾ” ಎಂದದ್ದು ನಮಗೆ ಕೇಳಿಸಿತು. ಬಲಗಡೆ ಕಣಿವೆ. ಹುಡುಗ ಮಾತನಾಡದೆ ಎರಡೂ ಕೈಗಳಿಂದ ಕೈಬ್ರೇಕನ್ನು ಎಳೆದ. ರಾಯರು ಚಕ್ರವನ್ನು ಎಡಕ್ಕೆ ತಿರುಗಿಸಿದರು. ಗಾಡಿ ದರೆಯ ಮಣ್ಣಿಗೆ ಉಜ್ಜುತ್ತ ಹತ್ತು ಮಾರು ಹೋಗಿ ನಿಂತಿತು. ನಾವು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆವು. ಕೈ ನಡುಗುತ್ತಿದ್ದುದರಿಂದ ಕಲ್ಲು ಎರಡು ಸಲ ಜಾರಿತು.

ಯಾರಿಗೂ ಪೆಟ್ಟಾಗಲಿಲ್ಲ. ಎಡಗಡೆಯ ಮುಂದಿನ ಮಡ್‌ಗಾರ್ಡು ಬಾಗಿತ್ತು. ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದ ಹೆಂಗಸರು ಓಡಿ ಬಂದು ನೀರು ಕೊಟ್ಟರು. ಒಬ್ಬಾಕೆ ತನ್ನ ಸೆರಗಿನಿಂದ ರಾಯರ ಹಣೆಯ ಬೆವರು ಒರೆಸಿ, “ಅಜ್ಜ, ಕೂತ್ಕೊಳಿ” ಎಂದಳು. ಅರ್ಧ ಗಂಟೆಯಾದ ಮೇಲೆ ರಾಯರು ತಾವೇ ಮತ್ತೆ ಚಕ್ರ ಹಿಡಿದು ಒಂದನೆಯ ಗೇರಿನಲ್ಲಿ ಬಾಳೆಹೊನ್ನೂರಿನವರೆಗೆ ತಂದರು. ಭದ್ರೆಯ ಸೇತುವೆಯ ಬಳಿ ನಾವು ನೀರು ತರುವಾಗಲೂ, ಮುಂದೆ ಶೃಂಗೇರಿಯವರೆಗೂ, ಅವರು ಒಂದು ಮಾತನ್ನೂ ಆಡಲಿಲ್ಲ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಲುಗಳ ಮೇಲೆ ಕುಳಿತೆವು. ಅಲ್ಲಿ ಮೀನು ಹಿಡಿಯುವಂತಿಲ್ಲ. ಅವು ಮನುಷ್ಯರ ಭಯವಿಲ್ಲದೆ ಕಾಲಬಳಿಗೆ ಬರುತ್ತವೆ. ಹಿಂದುಗಡೆ ೧೪ನೆಯ ಶತಮಾನದ ವಿದ್ಯಾಶಂಕರ ದೇವಾಲಯ. ಅದರೊಳಗೆ ಹನ್ನೆರಡು ರಾಶಿಗಳ ಹನ್ನೆರಡು ಕಂಬ, ಕಂಬದ ಸಿಂಹಗಳ ಬಾಯಲ್ಲಿ ಉರುಳುವ ಕಲ್ಲುಗುಂಡು. ಇವನ್ನೆಲ್ಲ ಹುಡುಗನಿಗೆ ತೋರಿಸಿ ಬಂದು ನಾವು ರಾಯರ ಪಕ್ಕದಲ್ಲಿ ಕುಳಿತಾಗ ಕತ್ತಲಾಗಿತ್ತು. “ಮೇಷ್ಟ್ರೇ, ನಾಳೆ ಆಗುಂಬೆ” ಎಂದರು. ನಮಗೆ ಕೂಡಲೇ ಹೊಳೆದದ್ದು ಓದಿದ್ದೇ ಹೊರತು ಬೇರೆಯಲ್ಲ. ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಹೇಳುವುದನ್ನು ವಿವರಿಸಲು ತೊಡಗಿದೆವು. ರಾಯರು ತಡೆದು, “ಸಾರಥಿಗೆ ಮಂಡಿನೋವು ಬಂದರೆ ಏನು ಮಾಡಬೇಕೆಂದು ಅದರಲ್ಲಿ ಹೇಳಿದೆಯೇ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: “ಅಪ್ಪ ಅಕ್ಕನನ್ನು ಇದೇ ಗಾಡಿಯಲ್ಲಿ ಘಟ್ಟ ಇಳಿಸಿಕೊಂಡು ಹೋದರು. ನಾನು ಎಂಟು ವರ್ಷದವನು, ಜತೆಯಲ್ಲಿದ್ದೆ. ಅವರ ಮಗನಾಗಿ ನಾನು ಇಳಿಸಲಾರೆನೆಂದರೆ ಅಕ್ಕನಿಗೆ ಹೇಗೆ ಮುಖ ತೋರಿಸಲಿ?” ಮೀನುಗಳಿಗೆ ಹಾಕಲೆಂದು ತಂದ ಪುರಿ ಅವರ ಕೈಯಲ್ಲಿಯೇ ಉಳಿದಿತ್ತು.

ಮೂರನೆಯ ದಿನ ಬೆಳಗ್ಗೆ ಆಗುಂಬೆಗೆ ಬಂದೆವು. ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮಿಕ್ಕ ಎತ್ತರ. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕ ಮಳೆ. ಕಡಲಿನಿಂದ ಬಂದ ಮೋಡಗಳು ಈ ಗೋಡೆಗೆ ತಾಗಿ ಮೇಲೇರಿ ತಣಿದು ಸುರಿಯುವುದೇ ಅದಕ್ಕೆ ಕಾರಣ. ಡಿಸೆಂಬರಿನಲ್ಲಿ ಮಳೆಯಿಲ್ಲ, ಪಾಚಿ ಹಿಡಿದ ಗೋಡೆಗಳೂ ಹೆಂಚುಗಳೂ ಮಾತ್ರ ಅದರ ಸಾಕ್ಷಿ. ಊರು ದಾಟಿದೊಡನೆ ಘಟ್ಟ. ಕೆಳಗಿನ ಸೋಮೇಶ್ವರದವರೆಗೆ ಹತ್ತು ಕಿಲೋಮೀಟರಿನಷ್ಟು ದಾರಿ, ಅದರಲ್ಲಿ ಕೂದಲಪಿನ್ನಿನಂತೆ ಬಾಗಿದ ತಿರುವುಗಳು ೧೪. ಭಾರಿ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ.

ತನಿಖೆಯ ಠಾಣೆಗೆ ಇನ್ನೂ ನೂರು ಮಾರು ಇರುವಾಗಲೇ, ಸಮನಾದ ನೆಲದಲ್ಲಿ, ರಾಯರು ಗಾಡಿಯನ್ನು ನಿಲ್ಲಿಸಿ ಇಳಿದರು. ಚಕ್ರಕ್ಕೆ ಕಲ್ಲು ಕೊಡಬೇಕೇನೋ ಎಂದು ನಾವೂ ಇಳಿದೆವು. ಅವರು ಗಾಡಿಯ ಮುಂದುಗಡೆಯಿಂದ ನಿಧಾನವಾಗಿ ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು, “ಆ ಕಡೆ ಹೋಗಿ ಕೂತುಕೋ” ಎಂದರು. ಹುಡುಗ ಒಂದು ಕ್ಷಣ ತಾತನ ಮುಖ ನೋಡಿ, ಅವರ ಕಾಲು ಮುಟ್ಟಿ ನಮಸ್ಕರಿಸಿ, ಹೋಗಿ ಕುಳಿತ. ರಾಯರು ಹೇಳಿದ ಪಾಠ ಒಂದೇ: “ಈಗಲೇ ಒಂದನೆಯ ಗೇರು. ಕೆಳಗೆ ಸೋಮೇಶ್ವರ ಕಾಣುವವರೆಗೆ ಅದನ್ನು ಮುಟ್ಟಬೇಡ.”

ಆ ಇಳಿತವನ್ನು ನಾವು ಮರೆಯುವಂತಿಲ್ಲ. ಇಂಜಿನು ಒಂದೇ ಶ್ರುತಿಯಲ್ಲಿ ಗುನುಗುತ್ತ ಗಾಡಿಯನ್ನು ಹಿಡಿದುಕೊಂಡಿತ್ತು. ಪ್ರತಿ ತಿರುವಿನಲ್ಲಿಯೂ ಹುಡುಗ ಮೈಯೆಲ್ಲ ಬಾಗಿಸಿ ಚಕ್ರವನ್ನು ಎಳೆಯುತ್ತಿದ್ದ. ಕಾಡು ಮೇಲಿನಿಂದ ಕವಿದಿತ್ತು. ಕಟ್ಟೆಗಳ ಮೇಲೆ ಕೋತಿಗಳು ಸಂಸಾರ ಸಮೇತ ಕುಳಿತು ನಮ್ಮನ್ನು ನೋಡುತ್ತಿದ್ದವು. ಮರಗಳು ಬಿ‌ಟ್ಟುಕೊಟ್ಟ ಕಡೆಯಲ್ಲಿ ಕೆಳಗಿನ ನಾಡು ಪಡುವಣ ಕಡಲಿನವರೆಗೆ ನೀಲಿಯಾಗಿ ಹರಡಿತ್ತು. ಎರಡು ಕಡೆ ನಿಲ್ಲಿಸಿ ಬ್ರೇಕಿನ ಡ್ರಮ್ಮುಗಳನ್ನು ಆರಿಸಿಕೊಂಡೆವು. ನಾವು ಕಲ್ಲು ಕೊಟ್ಟೆವು. ರಾಯರು ಮೊದಲ ಮೂರು ತಿರುವುಗಳಲ್ಲಿ ತಮ್ಮ ಬಲಗಾಲನ್ನು ಇಲ್ಲದ ಬ್ರೇಕಿನ ಮೇಲೆ ಒತ್ತುತ್ತಿದ್ದರು. ನಾಲ್ಕನೆಯದರಲ್ಲಿ ಕಾಲು ಸಡಿಲವಾಯಿತು. ಏಳನೆಯದರಲ್ಲಿ ಕಿಟಕಿಯಿಂದ ಹೊರಗೆ ನೋಡತೊಡಗಿದರು. “ಮೇಷ್ಟ್ರೇ, ಈ ದಾರಿಯಲ್ಲಿ ಇಷ್ಟು ಮರಗಳಿವೆಯೆಂದು ನನಗೆ ಗೊತ್ತೇ ಇರಲಿಲ್ಲ. ಓಡಿಸುವವನಿಗೆ ರಸ್ತೆಯಷ್ಟೇ ಕಾಣುವುದು” ಎಂದರು. ಮುಕ್ಕಾಲು ಗಂಟೆಯಾದ ಮೇಲೆ ಸೋಮೇಶ್ವರದ ಮನೆಗಳು ಕಂಡವು. ಅಲ್ಲಿಂದ ಹೆಬ್ರಿ, ಪೆರ್ಡೂರು, ಮಣಿಪಾಲಗಳನ್ನು ದಾಟಿ ಉಡುಪಿಯವರೆಗೂ ಹುಡುಗನೇ ಓಡಿಸಿದ.

ಹಾರನ್ನಿನ ಧ್ವನಿ ಬೀದಿಯ ತುದಿಯಲ್ಲಿ ಕೇಳಿದಾಗಲೇ ಅಕ್ಕನವರು ಗೋಡೆ ಹಿಡಿದು ಜಗಲಿಯ ಅಂಚಿಗೆ ಬಂದಿದ್ದರು. ಯಾರನ್ನೂ ಮಾತನಾಡಿಸದೆ ಮೊದಲು ಗಾಡಿಯ ಬಾಗಿಲನ್ನು ಸವರಿದರು. ಆಮೇಲೆ ಬಾಗಿದ ಮಡ್‌ಗಾರ್ಡನ್ನು ಮುಟ್ಟಿ, “ಇದು ಆಗ ಇರಲಿಲ್ಲ” ಎಂದರು. “ಅದು ನಿನ್ನೆಯದು ಅಕ್ಕ, ನನ್ನ ಕೆಲಸ” ಎಂದರು ರಾಯರು. ಇಬ್ಬರು ಹಿಡಿದುಕೊಂಡು ಅವರನ್ನು ಹಿಂದಿನ ಪೀಠದಲ್ಲಿ ಕೂರಿಸಿದೆವು. ರಾಯರು ಪಕ್ಕದಲ್ಲಿ ಕುಳಿತು, ತಲೆ ತಗ್ಗಿಸಿ, ತಪ್ಪೊಪ್ಪಿಕೊಳ್ಳುವ ಬಾಲಕನಂತೆ, “ಘಟ್ಟದಲ್ಲಿ ನಾನು ಓಡಿಸಲಿಲ್ಲ. ಹುಡುಗನ ಕೈಗೆ ಕೊಟ್ಟೆ. ಅಪ್ಪ ಓಡಿಸಿದ ದಾರಿ…” ಎಂದು ನಿಲ್ಲಿಸಿದರು.

ಅಕ್ಕನವರು ನಕ್ಕುಬಿಟ್ಟರು. “ಅಪ್ಪ ಎಲ್ಲಿ ಓಡಿಸಿದರೋ? ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ, ಘಟ್ಟ ಬಲ್ಲ ಡ್ರೈವರೊಬ್ಬನನ್ನು ಕರೆಸಿ, ಅವನ ಕೈಗೆ ಕೊಟ್ಟರು. ‘ನನಗೆ ಕೋರ್ಟಿನ ಮೆಟ್ಟಲು ಗೊತ್ತು, ಘಟ್ಟದ ತಿರುವು ಗೊತ್ತಿಲ್ಲ, ಮಗಳನ್ನು ಕೂರಿಸಿಕೊಂಡು ಜಂಬ ಮಾಡಲಾರೆ’ ಎಂದರು. ಅಪ್ಪ ನನ್ನ ಪಕ್ಕದಲ್ಲಿ ಇಲ್ಲೇ ಕೂತಿದ್ದರು. ಕೆಳಗೆ ಬರುವವರೆಗೂ ನನ್ನ ಕೈ ಬಿಡಲಿಲ್ಲ. ನೀನು ನನ್ನ ತೊಡೆಯ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದೆ. ನಿನಗೇನು ಗೊತ್ತು!” ಎಂದರು. ರಾಯರು ಬಹಳ ಹೊತ್ತು ಅಕ್ಕನ ಮುಖವನ್ನೇ ನೋಡಿದರು. ಅರವತ್ತಾರು ವರ್ಷ ಹೊತ್ತಿದ್ದ ಒಂದು ಭಾರವನ್ನು ಅವರು ಆ ಪೀಠದ ಮೇಲೆ ಇಳಿಸಿದುದನ್ನು ನಾವು ಕಂಡೆವು. ಆ ಮಧ್ಯಾಹ್ನ ಮಟ್ಟುಗುಳ್ಳದ ಹುಳಿಯಲ್ಲಿ ಅವರು ಮೂರು ಸಲ ಅನ್ನ ಕಲಸಿಕೊಂಡರು.

ಅಕ್ಕನವರು ೨೦೨೦ರಲ್ಲಿ ತೀರಿಕೊಂಡರು. ಗಾಡಿಯನ್ನು ಮಾರಲಿಲ್ಲ, ಹುಡುಗ ಒಪ್ಪಲಿಲ್ಲ. ಹೊಸ ಮನೆಯ ನಕ್ಷೆಯನ್ನು ತಿದ್ದಿ ಕೊಟ್ಟಿಗೆಗೆ ಸ್ಥಳ ಮಾಡಿದರು. ೫೦ ವರ್ಷ ಮೀರಿದ ಇಂಥ ಗಾಡಿಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ ೨೦೨೧ರಲ್ಲಿ ಮಾಡಿತು. ಹಾಗೆ ನೋಂದಾಯಿಸಿದವನ್ನು ಪ್ರದರ್ಶನ, ಮೆರವಣಿಗೆಯ ಓಟ, ದುರಸ್ತಿ ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಉಪಯೋಗಕ್ಕೆ ರಸ್ತೆಗೆ ತರುವಂತಿಲ್ಲ. ಹುಡುಗ ಇದನ್ನೂ ಹಾಗೆಯೇ ನೋಂದಾಯಿಸಿದ್ದಾನೆ. ಆದ್ದರಿಂದ ಅಂಥ ಪ್ರಯಾಣ ಮತ್ತೆ ಆಗುವುದಿಲ್ಲ.

ನಾವು ಈಗ ಕೆಲಸದಿಂದ ನಿವೃತ್ತರು. ಮನೆಯ ಲೆಕ್ಕ, ಮದುವೆ ಮುಂಜಿಗಳ ಮಾತು, ಪಾಠಶಾಲೆಯ ಸಮಿತಿ ಇವೆಲ್ಲ ಒಂದೊಂದಾಗಿ ಕಿರಿಯರ ಕೈಗೆ ಹೋಗಬೇಕಾದ ಕಾಲ ಬಂದಿದೆ. ಬಿಟ್ಟುಕೊಡುವುದು ಸುಲಭವೆಂದು ನಾವು ಹೇಳುವುದಿಲ್ಲ. ನಮ್ಮ ಕಾಲೂ ಕೆಲವು ಸಲ ಇಲ್ಲದ ಬ್ರೇಕನ್ನು ಒತ್ತುತ್ತದೆ. ಆಗ ಚಿಕ್ಕಮಗಳೂರಿನ ಸಾಹೇಬರ ಮಾತು ನೆನಪಾಗುತ್ತದೆ: ಇಳಿಜಾರು ಶುರುವಾಗುವ ಮೊದಲೇ ಗೇರು ಬದಲಿಸಬೇಕು. ಇಳಿಯುತ್ತಿರುವಾಗ ಬದಲಿಸುತ್ತೇವೆಂದರೆ ಆಗುವುದಿಲ್ಲ. ಸಮನಾದ ನೆಲದಲ್ಲಿ ನಿಲ್ಲಿಸಿ, ಇಳಿದು, ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕುಳಿತರೆ ಮರಗಳಾದರೂ ಕಾಣುತ್ತವೆ. ಭಾನುವಾರದ ಬೆಳಗ್ಗೆ ರಾಯರ ಕೊಟ್ಟಿಗೆಯಿಂದ ಇಂಜಿನಿನ ಸದ್ದು ಕೇಳಿದಾಗ ನಾವು ಈಗಲೂ ಹೋಗುತ್ತೇವೆ. ಹುಡುಗ ಹ್ಯಾಂಡಲು ತಿರುಗಿಸುತ್ತಾನೆ. ರಾಯರು ಎಡಗಡೆಯ ಪೀಠದಲ್ಲಿ ಕುಳಿತಿರುತ್ತಾರೆ. ನಾವು ನೀರಿನ ಕೊಡ ತುಂಬಿಡುತ್ತೇವೆ.